ಕುದುರೆಬಾನಿಯ ಮೊದಲ ಪಾಳಿ

ಕುದುರೆಬಾನಿ ಎಂಬ ಊರಿಗೆ ಆ ಹೆಸರು ಬಂದದ್ದು ಒಂದು ಕಲ್ಲುಬಾನಿಯಿಂದ. ಹೆದ್ದಾರಿಯ ಅಂಚಿನಲ್ಲಿ, ದೊಡ್ಡ ಬೇವಿನ ಮರದ ಬದಿಗೆ, ಒಂದೇ ಕಲ್ಲಿನಲ್ಲಿ ಕೊರೆದ ಉದ್ದನೆಯ ಬಾನಿ ಅದು. ಹಿಂದೆ ಹಾದಿಹೋಕರ ಎತ್ತುಗಳೂ ಕುದುರೆಗಳೂ ಅದರಲ್ಲಿ ನೀರು ಕುಡಿಯುತ್ತಿದ್ದವು. ಈಗ ಅದರಲ್ಲಿ ನೀರಿಲ್ಲ. ಬೇವಿನ ಎಲೆಗಳಿವೆ, ಚಹಾ ಕುಡಿದು ಎಸೆದ ಕಾಗದದ ಕಪ್ಪುಗಳಿವೆ.

ಆ ಊರಿನವರು ಒಂದು ಕಥೆ ಹೇಳುತ್ತಾರೆ. ದೇಸಾಯರ ಮನೆತನದ ಮೂಲಪುರುಷರು ಯುದ್ಧ ಗೆದ್ದು ಬರುತ್ತಿದ್ದಾಗ ಅವರ ಕುದುರೆ ಇಲ್ಲಿ ಬಾಯಾರಿ ನಿಂತಿತಂತೆ. ಗೊರಸಿನಿಂದ ನೆಲವನ್ನು ಒದೆಯಿತಂತೆ. ನೀರು ಚಿಮ್ಮಿತಂತೆ. ಅಂದಿನಿಂದ, ದೇಸಾಯರ ಕುದುರೆ ಕುಡಿದ ಮೇಲೆಯೇ ಉಳಿದವರ ದನಕರು ಕುಡಿಯಬೇಕು ಎಂಬ ಪದ್ಧತಿ ಬಂತಂತೆ. ಯಾವ ಯುದ್ಧ, ಯಾರೊಡನೆ ಎಂದು ಯಾರಾದರೂ ಕೇಳಿದರೆ, ಊರಿನವರು ಕೇಳಿದವರನ್ನೇ ಕನಿಕರದಿಂದ ನೋಡುತ್ತಾರೆ.

ಕುದುರೆಗಳು ಹೋದವು. ಪದ್ಧತಿ ಹೋಗಲಿಲ್ಲ. ಊರಿಗೆ ನಲ್ಲಿ ಬಂದಾಗ ಮೊದಲ ಕೊಡ ದೇಸಾಯರ ವಾಡೆಗೆ ಹೋಯಿತು. ಹಿಟ್ಟಿನ ಗಿರಣಿ ಬಂದಾಗ ಮೊದಲು ಬೀಸಿದ್ದು ದೇಸಾಯರ ಜೋಳ. ಕೊನೆಗೆ ಪಂಚಾಯಿತಿಯವರು ಆ ಬಾನಿಯ ಪಕ್ಕದಲ್ಲಿಯೇ ವಿದ್ಯುತ್ ವಾಹನಗಳಿಗಾಗಿ ಒಂದು ಚಾರ್ಜಿಂಗ್ ಯಂತ್ರವನ್ನು ನಿಲ್ಲಿಸಿದರು. ನೆಲಕ್ಕೆ ಹಸಿರು ಬಣ್ಣ ಬಳಿದು, ಒಂದು ಫಲಕ ನೆಟ್ಟರು. ಫಲಕದಲ್ಲಿ ಪಂಚಾಯಿತಿಯ ಹೆಸರಿನ ಕೆಳಗೆ ಎರಡು ಸಾಲುಗಳಿದ್ದವು. ಚಾರ್ಜ್ ಆಗುತ್ತಿರುವ ವಾಹನಗಳಿಗೆ ಮಾತ್ರ ಎಂಬುದು ಮೊದಲನೆಯದು. ಚಾರ್ಜ್ ಮುಗಿದ ಕೂಡಲೇ ಜಾಗ ಬಿಡಿ ಎಂಬುದು ಎರಡನೆಯದು. ಉದ್ಘಾಟನೆಯ ದಿನ ಹಾಕಿದ ಚೆಂಡುಹೂವಿನ ಹಾರ ಎರಡನೆಯ ಸಾಲನ್ನು ಮುಚ್ಚಿತು. ಹಾರ ಬಾಡಿದಾಗಲೆಲ್ಲ ದೇಸಾಯರ ವಾಡೆಯಿಂದ ಹೊಸ ಹಾರ ಬರುತ್ತಿತ್ತು.

ಅದೇ ಕಾಲಕ್ಕೆ ಊರ ಕಥೆಗೂ ಒಂದು ಹೊಸ ತುಂಡು ಸೇರಿತು. ಆ ಕುದುರೆಯ ಹೆಸರು ಬಿಜಲಿ, ಅಂದರೆ ವಿದ್ಯುತ್ತು, ಎಂದಿತ್ತಂತೆ; ಇಲ್ಲಿಗೆ ಕರೆಂಟಿನ ಗಾಡಿಗಳು ಬರುತ್ತವೆಂದು ಹಿರಿಯರಿಗೆ ಅಂದೇ ತಿಳಿದಿತ್ತಂತೆ. ಯಂತ್ರ ಬರುವ ಮೊದಲು ಆ ಕುದುರೆಗೆ ಹೆಸರಿತ್ತೆಂಬುದು ಯಾರಿಗೂ ನೆನಪಿಲ್ಲ.

ಈಗಿನ ದೇಸಾಯರು ಅಪ್ಪಾಸಾಹೇಬರು. ಅವರ ಬಿಳಿಯ ಕಾರು ದಿನವೂ ಬೆಳಿಗ್ಗೆ ಬಂದು ಆ ಹಸಿರು ನೆಲದ ಮೇಲೆ ನಿಲ್ಲುತ್ತಿತ್ತು. ವಾಡೆಯಲ್ಲಿ ಅವರದೇ ಚಾರ್ಜರ್ ಇತ್ತು. ಹಿಂದಿನ ರಾತ್ರಿ ಅಲ್ಲಿಯೇ ಬಹುಮಟ್ಟಿಗೆ ತುಂಬಿಸಿಕೊಂಡ ಕಾರು, ಇಲ್ಲಿ ಬಂದು ಉಳಿದ ಗುಟುಕನ್ನು ಕುಡಿದು, ಆಮೇಲೆ ಸಂಜೆಯವರೆಗೆ ಸುಮ್ಮನೆ ನಿಂತಿರುತ್ತಿತ್ತು. ಹಾದಿಹೋಕರಿಗೆ ಯಂತ್ರ ಬೇಕಾದರೆ ವಾಡೆಯ ಮೆಟ್ಟಿಲ ಕೆಳಗೆ ನಿಂತು, 'ಧಣಿ, ಅಪ್ಪಣೆ ಆಗಬೇಕು' ಎನ್ನಬೇಕು. ಎಚ್ಚರವಿದ್ದರೆ ದೇಸಾಯರು ಬಂದು ಕಾರು ಸರಿಸುವರು. ಕೇಳಿದವರು ಹೋದೊಡನೆ ಕಾರನ್ನು ಮರಳಿ ತಂದು ನಿಲ್ಲಿಸುವರು. ಅವರು ಕೆಟ್ಟ ಮನುಷ್ಯರಲ್ಲ. ತಾವು ದಿನವೂ ದಾನ ಮಾಡುತ್ತಿದ್ದೇವೆ ಎಂದೇ ಅವರು ಪ್ರಾಮಾಣಿಕವಾಗಿ ನಂಬಿದ್ದರು.

ಆ ಹಾದಿಯಲ್ಲಿ ಓಡಾಡುವವರಲ್ಲಿ ಮಂದಾಕಿನಿ ಎಂಬ ಹೆಣ್ಣುಮಗಳೊಬ್ಬಳಿದ್ದಳು. ಆಕೆ ಜವಾರಿ ಕೋಳಿಯ ಮೊಟ್ಟೆಗಳಿಗೆ ಕಾವು ಕೊಟ್ಟು, ಮರಿ ಮಾಡಿಸಿ, ಹಳ್ಳಿಗಳ ಮಹಿಳಾ ಸಂಘಗಳಿಗೆ ತಲುಪಿಸುತ್ತಿದ್ದಳು. ಆಕೆಯ ಬಳಿ ವಿದ್ಯುತ್ತಿನಿಂದ ಓಡುವ ಸಣ್ಣ ವ್ಯಾನ್ ಇತ್ತು. ಮರಿಗಳ ಪೆಟ್ಟಿಗೆಗಳಿಗೆ ಗಾಳಿ ಬೀಸುವ ಫ್ಯಾನು ತಿರುಗುತ್ತಿದ್ದುದೂ ಅದೇ ವ್ಯಾನಿನ ಬ್ಯಾಟರಿಯಿಂದ. ಬ್ಯಾಟರಿ ಇಳಿದರೆ ಚಕ್ರ ಮಾತ್ರವಲ್ಲ, ಗಾಳಿಯೂ ನಿಲ್ಲುತ್ತದೆ. ಆ ದಾರಿಯಲ್ಲಿ ಚಾರ್ಜಿಂಗ್ ಯಂತ್ರ ಇದ್ದುದು ಕುದುರೆಬಾನಿಯಲ್ಲಿ ಒಂದೇ.

ಹೋದ ತಿಂಗಳು ಆಕೆ ವಾಡೆಯ ಮೆಟ್ಟಿಲ ಕೆಳಗೆ ನಿಂತು ಅಪ್ಪಣೆ ಕೇಳಿದ್ದಳು. ಧಣಿ ಮಲಗಿದ್ದಾರೆ ಎಂದು ಒಳಗಿನಿಂದ ಉತ್ತರ ಬಂದಿತ್ತು. ಆಕೆ ಕಾದಳು. ಧಣಿ ಎದ್ದು, ಮುಖ ತೊಳೆದು, ಚಹಾ ಕುಡಿದು ಬರುವ ಹೊತ್ತಿಗೆ ಮೂಲೆಯ ಪೆಟ್ಟಿಗೆಯೊಂದು ಸದ್ದು ನಿಲ್ಲಿಸಿತ್ತು. ಆ ಪೆಟ್ಟಿಗೆಯನ್ನು ಆಕೆ ಒಂದು ಹೊಲದ ಬದುವಿನಲ್ಲಿ ಬರಿದು ಮಾಡಿ, ಮೇಲೆ ಮಣ್ಣೆಳೆದು ಹೋದಳು. ಅಪ್ಪಣೆ ಎಂಬ ಮಾತನ್ನು ಇನ್ನು ಆಡುವುದಿಲ್ಲ ಎಂದು ಆ ಬದುವಿನ ಮೇಲೆಯೇ ನಿಶ್ಚಯಿಸಿದ್ದಳು.

ಈ ಸಲ ಆಕೆ ಬಂದಾಗ ಬಿರು ಮಧ್ಯಾಹ್ನ. ಡಾಂಬರು ಮೆತ್ತಗಾಗಿತ್ತು, ವ್ಯಾನಿನ ಬ್ಯಾಟರಿ ತಳಕ್ಕಿಳಿದಿತ್ತು. ಹಸಿರು ನೆಲದ ಮೇಲೆ ಬಿಳಿಯ ಕಾರು ಎಂದಿನಂತೆ ನಿಂತಿತ್ತು. ಬೇವಿನ ಕೆಳಗೆ ಚಹಾದ ಅಂಗಡಿಯ ಗೌಸಸಾಹೇಬರು ಹಾಲು ಕಾಯಿಸುತ್ತಿದ್ದರು. ಅವರನ್ನು ಎಲ್ಲರೂ ಚಾಚಾ ಎನ್ನುತ್ತಿದ್ದರು. ಪಕ್ಕದಲ್ಲಿ ಕೆಂಪು ಕಾರಿನ ಬಾಗಿಲು ತೆರೆದುಕೊಂಡು, ಬಿಳಿ ಅಂಗಿಯ ವಕೀಲರೊಬ್ಬರು ಬೆವರು ಒರೆಸಿಕೊಳ್ಳುತ್ತ ಕುಳಿತಿದ್ದರು.

"ಕಾರು ತುಂಬೇತೇನ್ರಿ ಚಾಚಾ?" ಎಂದು ಮಂದಾಕಿನಿ ಕೇಳಿದಳು.

"ಮುಂಜಾನಿನ ತುಂಬೇತ್ರಿ ಅಕ್ಕಾರ. ಉಂಡ ಮ್ಯಾಲೂ ಪಂಕ್ತಿ ಬಿಟ್ಟು ಏಳಲಾರದವರಂಗ ಕುಂತೈತಿ," ಎಂದರು ಚಾಚಾ. "ಧಣೇರು ಈಗ ಊಟಕ್ಕ ಕುಂತಾರ. ಊಟ ಆಗಬೇಕು, ಎಲಿ ಅಡಿಕಿ ಆಗಬೇಕು, ಆಮ್ಯಾಲ ನಿದ್ದಿ. ಧಣೇರು ಎದ್ದ ಮ್ಯಾಲ ಕಾರು ಏಳತೈತಿ."

"ನಾನೂ ಭಾಳ ಹೊತ್ತಿನಿಂದ ಕುಂತೀನ್ರಿ ಮೇಡಂ," ಎಂದರು ವಕೀಲರು. "ನನ್ನ ಪಾಳಿ ನಿಮ್ಮಕಿಂತ ಮೊದಲೈತಿ. ಆದ್ರ ನಿಮ್ಮ ಗಾಡಿಯಾಗ ಜೀವ ಅದಾವ. ನನ್ನ ಪಾಳಿ ನಿಮಗ ಕೊಟ್ಟೆ."

"ಉಪಕಾರ ಆತ್ರಿ ವಕೀಲರ."

"ಉಪಕಾರ ಅಂದ್ರ ಆಗಂಗಿಲ್ಲ. ಪಾಳಿ ಬರಬೇಕಲ್ಲ?" ವಕೀಲರು ದನಿ ತಗ್ಗಿಸಿದರು. "ಒಂದು ಮಾತು ಹೇಳಲೇನ್ರಿ? ಆ ಪ್ಲಗ್ ಕಿತ್ತುಬಿಡ್ರಿ. ಕಾರು ತುಂಬಿದ ಮ್ಯಾಲ ಅದು ಸಡಿಲ ಆಗಿರತೈತಿ. ವಾಯರು ನಿಮ್ಮ ವ್ಯಾನಿಗೆ ಮುಟ್ಟತೈತಿ. ನಾ ಏನೂ ನೋಡಿಲ್ಲ."

"ಇಷ್ಟ ಹೊತ್ತು ನೀವ ಯಾಕ ಕೀಳಲಿಲ್ರಿ?"

ವಕೀಲರು ಮೀಸೆಯೊಳಗೇ ನಕ್ಕರು. "ನಂದು ಈ ಊರಾಗ ನಾಕು ಕೇಸ್ ನಡದಾವ್ರಿ. ಧಣೇರ ಜೋಡಿ ಕೆಡಿಸಿಕೊಂಡ್ರ ಆಗಂಗಿಲ್ಲ."

ಮಂದಾಕಿನಿ ಪ್ಲಗ್ಗಿನ ಹತ್ತಿರ ಹೋಗಿ ನಿಂತಳು. ಹಿಡಿಕೆ ಆಕೆಯ ಕೈಗೆಟಕುವಂತಿತ್ತು. ಒಮ್ಮೆ ಎಳೆದರೆ ಸಾಕಾಗಿತ್ತು. ವ್ಯಾನಿನೊಳಗಿನ ಚಿಲಿಪಿಲಿ ಬೆಳಿಗ್ಗೆಗಿಂತ ತೆಳ್ಳಗಾಗಿರುವುದು ಆಕೆಗೆ ಕೇಳಿಸುತ್ತಿತ್ತು. ಆದರೂ ಕೈ ಹಿಂದಕ್ಕೆ ತೆಗೆದುಕೊಂಡಳು.

"ಬ್ಯಾಡ್ರಿ," ಎಂದಳು. "ಇವತ್ತು ನಾ ಅವರದು ಕಿತ್ತರ, ನಾಳೆ ಮತ್ತೊಬ್ಬರು ನಂದು ಅರ್ಧಕ್ಕ ಕೀಳತಾರ. ಮಂದಿ ಗಾಡಿಗೆ ನಾ ಕೈ ಹಚ್ಚಂಗಿಲ್ಲ. ಅವರ ಕೈಲೆನ ತಗಸ್ತೀನಿ."

ಹಾಗೆಂದವಳು ವ್ಯಾನಿನ ಹಿಂಬಾಗಿಲು ತೆರೆದು ಒಂದು ಪೆಟ್ಟಿಗೆ ಎತ್ತಿಕೊಂಡಳು. "ಚಾಚಾ, ಒಂದು ನೀವು ಹಿಡೀರಿ. ವಕೀಲರ, ನಿಮಗೂ ಒಂದು. ಇವಕ್ಕ ನೆರಳು ಬೇಕು. ಈ ಊರಾಗ ಎಲ್ಲಾಕಿಂತ ತಂಪು ಜಾಗ ಯಾವುದ್ರಿ?"

ಚಾಚಾ ಹಾಲಿನ ಉರಿ ಆರಿಸಿದರು. "ದೇಸಾಯರ ಪಡಸಾಲಿ," ಎಂದರು. ಹೇಳಿದ ಮೇಲೆ ತಾವು ಏನು ಹೇಳಿದೆವೆಂದು ಅವರಿಗೆ ಅರಿವಾಯಿತು. ಅಷ್ಟರಲ್ಲಿ ಮಂದಾಕಿನಿ ನಡೆಯತೊಡಗಿದ್ದಳು.

ವಾಡೆ ನಾಲ್ಕು ಮನೆಯಾಚೆಗಿತ್ತು. ಅಪ್ಪಾಸಾಹೇಬರು ಬೀಗರೊಂದಿಗೆ ಊಟ ಮುಗಿಸಿ, ಪಡಸಾಲೆಯ ತೂಗುಮಣೆಯ ಮೇಲೆ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ನೆಲದ ಕಲ್ಲು ತಣ್ಣಗಿತ್ತು. ಮಂದಾಕಿನಿ ಮೆಟ್ಟಿಲ ಕೆಳಗೆ ನಿಲ್ಲಲಿಲ್ಲ. ಮೆಟ್ಟಿಲು ಹತ್ತಿದಳು. ಪೆಟ್ಟಿಗೆಯನ್ನು ಕಂಬದ ನೆರಳಿನಲ್ಲಿ ಇಳಿಸಿದಳು. ಹಿಂದೆಯೇ ಬಂದ ಚಾಚಾ ಒಂದು, ವಕೀಲರು ಒಂದು ಇಳಿಸಿದರು. ಮತ್ತೆ ಹೋಗಿ ಉಳಿದವನ್ನೂ ತಂದರು. ತಂಪು ತಗುಲಿದೊಡನೆ ಪೆಟ್ಟಿಗೆಗಳೆಲ್ಲ ಒಟ್ಟಿಗೆ ಕೂಗತೊಡಗಿದವು.

"ಯಾರವ್ವಾ ನೀನು? ಏನಿದು?" ಎಂದರು ದೇಸಾಯರು.

"ಜವಾರಿ ಕೋಳಿಮರಿ ರೀ, ದೇಸಾಯರ."

ಆಕೆ ಧಣಿ ಎನ್ನಲಿಲ್ಲ. ಅದನ್ನು ಪಡಸಾಲೆಯಲ್ಲಿದ್ದ ಪ್ರತಿಯೊಬ್ಬರೂ ಗಮನಿಸಿದರು.

"ನಾವು ಕೋಳಿ ತರಿಸಿಲ್ಲಲ್ಲ?"

"ನಿಮಗಲ್ರಿ. ಇಲ್ಲಿ ಸ್ವಲ್ಪ ಹೊತ್ತು ನಿಂದ್ರಾಕ ಬಂದಾವ."

"ನನ್ನ ಪಡಸಾಲಿಯಾಗ? ಯಾರನ್ನ ಕೇಳಿ?"

"ಯಾರನ್ನೂ ಕೇಳಿಲ್ರಿ. ನಿಮ್ಮ ಕಾರೂ ಯಾರನ್ನೂ ಕೇಳದ ಅಲ್ಲಿ ನಿಂತೈತಿ. ಅದರ ಕೆಲಸ ಮುಗದೈತಿ, ಆದ್ರೂ ನಿಂತೈತಿ. ಇವುಗಳ ಕೆಲಸ ಇನ್ನೂ ಮುಗದಿಲ್ಲ. ಕಾರು ಸರಿದ ಗಳಿಗೀಗೆ ಇವೂ ಸರೀತಾವ."

ಬೀಗರಲ್ಲೊಬ್ಬರು ಕೆಮ್ಮಿದರು. ಅದು ಕೆಮ್ಮಾಗಿರಲಿಲ್ಲ.

ದೇಸಾಯರ ಮುಖ ಕೆಂಪಾಯಿತು. "ಅದು ನಮ್ಮ ಹಿರ್ಯಾರ ಜಾಗ. ನಮ್ಮ ಬಿಜಲಿ ಒದ್ದು ನೀರು ತಗದ ಜಾಗ. ಊರು ಹುಟ್ಟಿದಾಗಿಂದ ಮೊದಲ ಪಾಳಿ ನಮ್ಮದು. ಹಾದಿ ಮ್ಯಾಲ ಹೋಗಾಕಿಗೆ ಇದೆಲ್ಲಾ ಹೆಂಗ ಗೊತ್ತಾಗಬೇಕು?"

"ಫಲಕದಾಗ ಪಂಚಾಯಿತಿ ಅಂತ ಬರದೈತ್ರಿ. ಬಿಜಲಿ ಅಂತ ಬರದಿಲ್ಲ. ಹಾರ ಸರಿಸಿದ್ರ ಉಳಿದದ್ದೂ ಓದಾಕ ಬರತೈತಿ."

ದೇಸಾಯರು ತೂಗುಮಣೆಯ ಸರಪಳಿ ಹಿಡಿದು ನಿಲ್ಲಿಸಿದರು. ಪೆಟ್ಟಿಗೆಯ ಕಿಂಡಿಗಳ ಕಡೆ ನೋಡಿದರು. ಕೊಕ್ಕು ತೆರೆದು ಏದುತ್ತಿದ್ದ ಹಳದಿ ಮುಖಗಳು ಅಲ್ಲಿ ಒತ್ತೊತ್ತಾಗಿದ್ದವು. ಅವರ ದನಿ ಮೆತ್ತಗಾಯಿತು.

"ಆತು ತಂಗಿ. ನನಗೂ ಮರುಕ ಬರತೈತಿ, ನಾ ಏನು ಕಲ್ಲಲ್ಲ. ಮೆಟ್ಟಲ ಇಳದು ನಿಂತು, ಧಣಿ ಅಪ್ಪಣೆ ಆಗಬೇಕು ಅನ್ನು. ಮರುಮಾತು ಆಡದ ಎದ್ದು ಕಾರು ತಗೀತೀನಿ. ಇಷ್ಟ ಮಂದಿ ಎದುರಿಗೆ ಮಾತು ಕೊಟ್ಟೀನಿ."

ಚಾಚಾ ಆಕೆಯ ಕಿವಿಯ ಬಳಿ ಬಾಗಿದರು. "ಅಂದುಬಿಡ್ರಿ ಅಕ್ಕಾರ. ಬಾಯಿಮಾತು. ಮರಿ ಉಳೀತಾವ."

ಅದು ನಿಜವಾಗಿತ್ತು. ಮೂರೇ ಪದಗಳು. ಅವನ್ನು ಆಡಿದರೆ ಮರಿಗಳು ಹೊತ್ತಿಗೆ ಸರಿಯಾಗಿ ಹಳ್ಳಿ ಸೇರುತ್ತಿದ್ದವು. ಅಲ್ಲಿ ಸಂಘದ ಹೆಣ್ಣುಮಕ್ಕಳು ಗೂಡು ಗುಡಿಸಿ, ಹೊಟ್ಟು ಹರಡಿ ಕಾಯುತ್ತಿದ್ದರು. ಪಡಸಾಲೆಯ ತಂಪು ಮರಿಗಳನ್ನು ಈ ಹೊತ್ತಿಗೆ ಉಳಿಸಬಹುದಿತ್ತು, ಊರು ಮುಟ್ಟಿಸಲಾರದಾಗಿತ್ತು. ಮಂದಾಕಿನಿ ಬಾಯಿ ತೆರೆದಳು. ಹೊಲದ ಬದುವಿನ ಮಣ್ಣು ಆಕೆಗೆ ನೆನಪಾಯಿತು. ಅಂದು ಆ ಮೂರು ಪದಗಳನ್ನು ಆಕೆ ಆಡಿಯೇ ಇದ್ದಳು. ಅವು ಆ ಪೆಟ್ಟಿಗೆಯ ಒಂದು ಮರಿಯನ್ನೂ ಉಳಿಸಿರಲಿಲ್ಲ. ಇವತ್ತು ಧಣಿ ಎಚ್ಚರವಿದ್ದಾರೆ. ಮುಂದಿನ ತಿಂಗಳು ಮಲಗಿರಬಹುದು. ಒಬ್ಬರ ನಿದ್ದೆಯ ಮೇಲೆ ನಿಂತಿರುವ ದಯೆಯನ್ನು ನಂಬಿ ಗಾಡಿ ಓಡಿಸಲಾಗುವುದಿಲ್ಲ.

"ಅನ್ನಂಗಿಲ್ರಿ," ಎಂದಳು.

"ಏನಂದಿ?"

"ಅನ್ನಂಗಿಲ್ಲ ಅಂದೆ, ದೇಸಾಯರ. ಈ ವಕೀಲರು ತಮ್ಮ ಪಾಳಿ ನನಗ ಕೊಟ್ಟಾರ. ಅವರ ಹತ್ತಿರ ಪಾಳಿ ಇತ್ತು, ಕೊಟ್ಟರು. ಅದಕ್ಕ ನಾ ಕೈ ಮುಗೀತೀನಿ. ನಿಮ್ಮ ಹತ್ತಿರ ಕೊಡಾಕ ಏನೈತ್ರಿ? ನಿಮ್ಮ ಪಾಳಿ ಮುಂಜಾನಿನ ಮುಗದೈತಿ."

"ನಮ್ಮ ಕುದುರಿ..."

"ನಿಮ್ಮ ಕುದುರಿ ಒದ್ದಿತ್ತೋ ಇಲ್ಲೋ, ನೋಡಿದವರು ಯಾರೂ ಇಲ್ಲ. ನಿಮ್ಮ ಮಾತ ಖರೆ ಅಂತ ಇಟಕೊಳ್ಳೂಣು. ನೀರು ಬಂತು, ಕುಡೀತು. ಕುಡದ ಮ್ಯಾಲ ಏನು ಮಾಡಿತ್ರಿ? ಮುಂದಕ ಹೋಗಿರಬೇಕಲ್ಲ? ಮೊದಲ ಪಾಳಿ ಅಂದ್ರ ಮೊದಲ ಕುಡದು ಮೊದಲ ಹೋಗೂದು. ಸಂಜಿತನಕ ಬಾನಿಯಾಗ ಮೋತಿ ಇಟಗೊಂಡು ನಿಂತಿದ್ದ ಕುದುರಿ ಕಥಿ ಯಾವ ಊರಾಗೂ ಯಾರೂ ಹೇಳಂಗಿಲ್ಲ."

ಈ ಸಲ ಬೀಗರು ಕೆಮ್ಮಿನ ನೆಪ ಮಾಡಲಿಲ್ಲ. ನೇರವಾಗಿಯೇ ನಕ್ಕರು. ಒಳಬಾಗಿಲಲ್ಲಿ ನಿಂತಿದ್ದ ದೇಸಾಯರ ತಾಯಿಯೂ ಸೆರಗು ಬಾಯಿಗೆ ಹಿಡಿದುಕೊಂಡರು.

ಇಷ್ಟರಲ್ಲಿ ವಕೀಲರು ಇಳಿಸಿದ ಪೆಟ್ಟಿಗೆಯ ಮುಚ್ಚಳ ಜಾರಿತ್ತು. ಕೆಲವು ಮರಿಗಳು ಹೊರಬಿದ್ದು ತಣ್ಣನೆಯ ಕಲ್ಲಿನ ಮೇಲೆ ಓಡಾಡತೊಡಗಿದ್ದವು. ಅದರಲ್ಲೊಂದು ತೂಗುಮಣೆಯ ಕೆಳಗೆ ಬಿಟ್ಟಿದ್ದ ದೇಸಾಯರ ಕೊಲ್ಹಾಪುರಿ ಚಪ್ಪಲಿಯನ್ನೇರಿ, ಗರಿಯುಬ್ಬಿಸಿ, ಕಣ್ಣು ಮುಚ್ಚಿ ಕುಳಿತುಬಿಟ್ಟಿತು.

ದೇಸಾಯರು ಎದ್ದರು. ಚಪ್ಪಲಿಯ ಕಡೆ ಕಾಲು ಚಾಚಿದರು. ಮರಿಯನ್ನು ಕಂಡು ಕಾಲು ಹಿಂದೆಳೆದರು. ಅದನ್ನು ಎತ್ತಿಡಲು ಬೀಗರ ಎದುರು ಬಗ್ಗಲು ಅವರಿಗೆ ಮನಸ್ಸಾಗಲಿಲ್ಲ. ಒದ್ದು ಸರಿಸುವಷ್ಟು ಕಲ್ಲೂ ಅವರಾಗಿರಲಿಲ್ಲ. ಗೂಟದಿಂದ ಕೀಲಿ ತೆಗೆದುಕೊಂಡು ಬರಿಗಾಲಿನಲ್ಲಿಯೇ ಮೆಟ್ಟಿಲಿಳಿದರು.

ನಾಲ್ಕು ಮನೆಯ ದಾರಿ ಅದು. ಮೊದಲು ಗಾಂಭೀರ್ಯದಿಂದಲೇ ನಡೆದರು. ಡಾಂಬರು ಬಂದೊಡನೆ ಹೆಜ್ಜೆ ಬೇಗಬೇಗ ಬಿದ್ದವು. ಕೊನೆಯಲ್ಲಿ ಕುಪ್ಪಳಿಸಿಯೇ ಕಾರು ಮುಟ್ಟಿದರು. ಪೆಟ್ಟಿಗೆಯೊಳಗಿನ ಕಾವು ಎಂಥದೆಂದು ಅವರ ಅಂಗಾಲಿಗಾದರೂ ಅಂದು ತಿಳಿಯಿತು.

ತಮ್ಮ ಕೈಯಿಂದಲೇ ಪ್ಲಗ್ ತೆಗೆದರು. ಕಾರಿನಲ್ಲಿ ಕುಳಿತು ಗಾಜು ಇಳಿಸಿ, "ಇವತ್ತೊಂದಿನ," ಎಂದರು.

"ನಾಳೇನೂ ರೀ," ಎಂದಳು ಹಿಂದೆಯೇ ಬಂದಿದ್ದ ಮಂದಾಕಿನಿ. "ನಾಳೆ ನಾ ಇರಂಗಿಲ್ಲ. ಮತ್ತ ಯಾರರ ಇರತಾರ."

ಕಾರು ಹೋಯಿತು. ವ್ಯಾನು ಹಸಿರು ನೆಲಕ್ಕೆ ಬಂತು. ಯಂತ್ರ ಗುಂಯ್‌ಗುಡಲಾರಂಭಿಸಿತು. ಪೆಟ್ಟಿಗೆಗಳು ಮರಳಿ ಬಂದವು; ಚಪ್ಪಲಿಯ ಮೇಲಿದ್ದುದನ್ನು ದೇಸಾಯರ ತಾಯಿಯೇ ಅಂಗೈಯಲ್ಲಿಟ್ಟುಕೊಂಡು ತಂದು ಒಳಗೆ ಬಿಟ್ಟರು. ಫ್ಯಾನು ತಿರುಗಿತು.

ಜನ ಸೇರಿದ್ದರು. ಚಾಚಾ ಫಲಕದ ಹಾರವನ್ನು ತೆಗೆದುಕೊಂಡು ಬಂದು ವ್ಯಾನಿಗೆ ಹಾಕಲು ಹೋದರು. ಮಂದಾಕಿನಿ ಅದನ್ನು ಅವರ ಕೈಯಿಂದ ತೆಗೆದು, ಒಣಗಿದ ಕಲ್ಲುಬಾನಿಯೊಳಗೆ ಇಟ್ಟಳು. ಫಲಕದ ಎರಡನೆಯ ಸಾಲು ಬಹಳ ದಿನಗಳ ಮೇಲೆ ಬಿಸಿಲು ಕಂಡಿತು. ನೆರೆದವರಲ್ಲಿ ಕೆಲವರು ಅದನ್ನು ಮೊದಲ ಸಲ ಓದಿದರು.

ಊರು ಮುಟ್ಟುವಷ್ಟು, ಅದರ ಮೇಲೆ ಒಂದಿಷ್ಟು ಚಾರ್ಜ್ ಆದೊಡನೆ ಆಕೆ ಪ್ಲಗ್ ತೆಗೆದಳು.

"ಇನ್ನೂ ತುಂಬಿಲ್ಲಲ್ರಿ ಮೇಡಂ!" ಎಂದರು ವಕೀಲರು. "ಇವತ್ತು ಗೆದ್ದವರು ನೀವು. ಪೂರಾ ತುಂಬಿಸ್ಕೋರಿ. ಯಾರು ಏನಂತಾರ?"

"ಸಾಕಾಗುವಷ್ಟು ಆತ್ರಿ. ಗೆದ್ದೆ ಅಂತ ನಿಂತರ ನಾನೂ ಒಂದು ಕುದುರಿ ಆಗತೀನಿ."

ಆಕೆ ವಾಯರನ್ನು ನೆಲಕ್ಕೆ ಬಿಡಲಿಲ್ಲ. ಸುತ್ತಿ, ಕೊಂಡಿಗೆ ತಗುಲಿಸಿ, ವ್ಯಾನನ್ನು ಹಸಿರು ಬಣ್ಣದಿಂದಾಚೆಗೆ ತೆಗೆದಳು. ಆಮೇಲೆಯೇ ಚಹಾ ಕುಡಿದಳು. ಅಷ್ಟರಲ್ಲಿ ಕೆಂಪು ಕಾರು ಆ ಜಾಗದಲ್ಲಿ ನಿಂತಾಗಿತ್ತು. ಅಂದು ಹಳ್ಳಿ ಸೇರಿದಾಗ ಯಾವ ಪೆಟ್ಟಿಗೆಯೂ ಮೌನವಾಗಿರಲಿಲ್ಲ.

ಮುಂದಿನ ತಿಂಗಳು ಆಕೆ ಮತ್ತೆ ಕುದುರೆಬಾನಿಗೆ ಬಂದಳು. ಹಸಿರು ನೆಲದ ಮೇಲೆ ಯಾರದೋ ಟೆಂಪೊ ಚಾರ್ಜ್ ಆಗುತ್ತಿತ್ತು. ಅದರ ಹಿಂದೆ, ಬೇವಿನ ನೆರಳಿನಲ್ಲಿ, ಬಿಳಿಯ ಕಾರು ಕಾಯುತ್ತಿತ್ತು. ವಾಡೆಯ ಚಾರ್ಜರ್ ಆ ವಾರ ಕೆಟ್ಟಿತ್ತು. ಅಪ್ಪಾಸಾಹೇಬರು ಸ್ಟೇರಿಂಗಿನ ಹಿಂದೆ ಸಿಡಿಮಿಡಿಯಾಗಿ ಕುಳಿತಿದ್ದರು. ಮಂದಾಕಿನಿಯ ವ್ಯಾನ್ ಕಂಡೊಡನೆ ಗಾಜು ಇಳಿಸಿ, ಬೆರಳೆತ್ತಿ ಹೇಳಿದರು:

"ನಂದು ಮುಂದಿನ ಪಾಳಿ. ನಿಂದು ನನ್ನ ಹಿಂದ. ಮರಿ ಗಿರಿ ಅಂದ್ರ ನಾ ಕೇಳಂಗಿಲ್ಲ ನೋಡು!"

"ಕೇಳಬ್ಯಾಡ್ರಿ. ಇವತ್ತು ನನ್ನ ಫ್ಯಾನಿಗೆ ಬೇಕಾದಷ್ಟು ಚಾರ್ಜ್ ಐತಿ," ಎಂದಳು ಆಕೆ. "ನಿಮ್ಮ ಪಾಳಿ ನಿಮ್ಮದ, ದೇಸಾಯರ."

ತನ್ನ ವ್ಯಾನನ್ನು ಅವರ ಕಾರಿನ ಹಿಂದೆ ನಿಲ್ಲಿಸಿದಳು.

ಚಹಾದ ಅಂಗಡಿಯ ಮುಂದೆ ಚಾಚಾ ಟೆಂಪೊದವನಿಗೆ ಕಥೆ ಹೇಳುತ್ತಿದ್ದರು. ಒಬ್ಬ ಹೆಣ್ಣುಮಗಳು ಒಂದೇ ಕೈಯಿಂದ ದೇಸಾಯರ ಪ್ಲಗ್ ಕಿತ್ತೆಸೆದಳಂತೆ. ಬೆಂಕಿಯ ಕಿಡಿ ಬೇವಿನ ತುದಿಗೆ ಹಾರಿತಂತೆ. ಪೆಟ್ಟಿಗೆಗಳೊಳಗಿನ ಮರಿಗಳು ರೆಕ್ಕೆ ಬಲಿತು ಹುಂಜಗಳಾಗಿ ಕೂಗಿದವಂತೆ.

"ಚಾಚಾ, ನಾ ಕಿತ್ತಿಲ್ರಿ," ಎಂದಳು ಮಂದಾಕಿನಿ. "ನಾ ಮುಟ್ಟಿದ್ದು ನನ್ನ ಗಾಡಿ ಪ್ಲಗ್ ಒಂದ. ನೀವ ಅಲ್ಲೇ ಇದ್ರಿ."

"ಇದ್ದೆ ಅಂತನ ಹೇಳಾಕತ್ತೀನ್ರಿ ಅಕ್ಕಾರ," ಎಂದು ಚಾಚಾ ನಕ್ಕು, ಆಕೆಗೊಂದು ಚಹಾ ಸೋಸಿದರು.

ಆಕೆ ಟೆಂಪೊದವನ ಕಡೆ ತಿರುಗಿದಳು. "ಆ ಕಥಿ ನಂಬಬ್ಯಾಡ್ರಿ. ಅಲ್ಲಿ ಫಲಕ ಐತಿ, ಓದ್ರಿ. ನಿಮ್ಮ ಗಾಡಿ ತುಂಬಿ ಹಸಿರು ದೀಪ ಹತ್ತೇತಿ."

ಟೆಂಪೊದವನು ಚಹಾದ ಕಪ್ಪನ್ನು ಅರ್ಧಕ್ಕೇ ಇಟ್ಟು ಎದ್ದ. ಅವನಿಗಿಂತ ಮೊದಲು ದೇಸಾಯರ ಹಾರ್ನ್ ಕೂಗಿತು.

ನೀತಿ: ಎಲ್ಲರಿಗೂ ಸೇರಿದ ಜಾಗದಲ್ಲಿ, ಅಗತ್ಯ ಮುಗಿದ ಮೇಲೂ ನಿಲ್ಲುವುದು ಇನ್ನೊಬ್ಬರದನ್ನು ಕಸಿಯುವುದೇ ಆಗಿದೆ, ಎಷ್ಟು ಹಳೆಯ ಕಥೆಯನ್ನು ಅದಕ್ಕೆ ಹಾರವಾಗಿ ಹಾಕಿದರೂ ಅದು ಗೌರವವಾಗುವುದಿಲ್ಲ. ಪಾಳಿ ಇದ್ದವರು ಬಿಟ್ಟುಕೊಟ್ಟರೆ ಅದು ಸೌಜನ್ಯ, ಇಲ್ಲದವರು ಬಿಟ್ಟುಕೊಟ್ಟರೆ ಅದು ದರ್ಪ. ಆದ್ದರಿಂದ ನಿಮ್ಮ ಪಾಳಿಯನ್ನು ಬೇಡಬೇಡಿ, ತಲೆಯೆತ್ತಿ ಕೇಳಿ. ಅದು ಮುಗಿದ ಗಳಿಗೆಯಲ್ಲಿ, ಯಾರೂ ಕೇಳುವ ಮೊದಲೇ ಜಾಗ ಬಿಡಿ.